ಮಾರುತ್, ವಿಕ್ರಾಂತ್, ಒಂದು ಟ್ಯಾಂಕ್: ಸ್ಕೇಲ್ ಮಾಡೆಲ್‌ಗಳನ್ನು ಮುರಿಯದಂತೆ ಪಾರ್ಸೆಲ್ ಮಾಡುವುದು ಹೇಗೆ?

ಸ್ಪ್ರೂಕತ್ತರಿ

ಮೈಸೂರಿನಿಂದ ಪುಣೆಗೆ ಮೂರು ಮಾಡೆಲ್ ಹೋಗಬೇಕು. ಕೈಯಲ್ಲಿ ಹಿಡಿದು ಒಯ್ಯುವವರು ಯಾರೂ ಇಲ್ಲ, ಕೊರಿಯರ್ರೇ ಗತಿ.

ಒಂದು, 1/72 (ನಿಜದ 72ನೇ ಒಂದು ಅಳತೆಯ) ಎಚ್‌ಎಫ್-24 ಮಾರುತ್ ಯುದ್ಧವಿಮಾನ. ಉದ್ದ 22 ಸೆಂ.ಮೀ., ರೆಕ್ಕೆ ತುದಿಯಿಂದ ತುದಿಗೆ 12.5 ಸೆಂ.ಮೀ., ತೂಕ ಸುಮಾರು 100 ಗ್ರಾಂ. ಬಾಡಿ ಪ್ಲಾಸ್ಟಿಕ್, ಲ್ಯಾಂಡಿಂಗ್ ಗೇರ್ (ಚಕ್ರದ ಕಾಲುಗಳು) ವೈಟ್ ಮೆಟಲ್ ಎಂಬ ಮೆತ್ತನೆಯ ಲೋಹ, ಪಿಟೋ ಕೊಳವೆ (ವೇಗ ಅಳೆಯಲು ಚಾಚಿಕೊಂಡಿರುವ ಸಣ್ಣ ಕೊಳವೆ) ಹಿತ್ತಾಳೆ. ಸ್ಟ್ಯಾಂಡ್ ಇಲ್ಲ, ಚಕ್ರದ ಮೇಲೆ ನಿಂತಿದೆ.

ಎರಡು, 1/350 ಹಳೆಯ ವಿಕ್ರಾಂತ್ (ಆರ್11), ವಿಮಾನವಾಹಕ ನೌಕೆ. 61 ಸೆಂ.ಮೀ. ಉದ್ದ. ಹಲ್ (ಹಡಗಿನ ಒಡಲು) ಪೂರ್ತಿ ಇದೆ, ಡೆಕ್ ಅಂಟಿಸಿ ಮುಗಿದಿದೆ. ರೇಲಿಂಗ್, ರೇಡಾರ್ ಎಲ್ಲ ಫೋಟೋ ಎಚ್ (ರಾಸಾಯನಿಕದಿಂದ ಕೊರೆದ ತೆಳು ಹಿತ್ತಾಳೆ). ಡೆಕ್ ಮೇಲೆ ಒಂಬತ್ತು ಪುಟ್ಟ ವಿಮಾನ.

ಮೂರು, 1/35 ವಿಜಯಂತ ಟ್ಯಾಂಕ್. ಹಲ್ ರೆಸಿನ್ (ಅಚ್ಚಿಗೆ ಸುರಿದು ಮಾಡಿದ ಪ್ಲಾಸ್ಟಿಕ್), ಗನ್ ಬ್ಯಾರೆಲ್ ಅಲ್ಯೂಮಿನಿಯಂ, ಚೈನ್ ಒಂದೊಂದೇ ಕೊಂಡಿ ಜೋಡಿಸಿದ್ದು.

ಮೂರಕ್ಕೂ ಬಬಲ್ ರ್ಯಾಪ್ ನಾಲ್ಕು ಸುತ್ತು ಸುತ್ತಿ, ದೊಡ್ಡ ಡಬ್ಬದಲ್ಲಿಟ್ಟು, ಸುತ್ತ ಥರ್ಮಾಕೋಲ್ ಗುಂಡು ತುಂಬಿ, ನಾಲ್ಕೂ ಕಡೆ ‘ಫ್ರಜೈಲ್’ ಅಂಟಿಸಿದರೆ ಸಾಕಾ?

ಮೂರನೇಕೋಟ್

ಸಾಲದು. ಅಷ್ಟೇ ಅಲ್ಲ, ನೀವು ಹೇಳಿದ ಬಬಲ್ ರ್ಯಾಪ್, ಥರ್ಮಾಕೋಲ್ ಗುಂಡು ಎರಡೂ ಮಾಡೆಲ್‌ಗೆ ಕೆಟ್ಟದ್ದು.

ಬಬಲ್ ರ್ಯಾಪ್ ಇರುವುದು ಗಟ್ಟಿ ವಸ್ತುವಿಗೆ. ಅದನ್ನು ಸುತ್ತಿ ಎಳೆದು ಟೇಪ್ ಹಾಕಿದೊಡನೆ ಒತ್ತಡವೆಲ್ಲ ಹೋಗಿ ಕೂರುವುದು ಚಾಚಿಕೊಂಡಿರುವ ಭಾಗಗಳ ಮೇಲೆ: ಪಿಟೋ, ಆಂಟೆನಾ, ಗೇರ್ ಬಾಗಿಲು, ರೆಕ್ಕೆಯ ತುದಿ. ಡಬ್ಬ ಬೀಳುವ ಮೊದಲೇ, ಸುತ್ತುವಾಗಲೇ ಅರ್ಧ ಮುರಿದಿರುತ್ತದೆ. ಉಳಿದರ್ಧ ಬಿಚ್ಚುವಾಗ ಮುರಿಯುತ್ತದೆ. ಪೇಂಟ್ ಪೂರ್ತಿ ಒಣಗಿಲ್ಲದಿದ್ದರೆ ಗುಳ್ಳೆಗಳ ಉಂಗುರ ರೆಕ್ಕೆಯ ಮೇಲೆ ಅಚ್ಚೊತ್ತುತ್ತದೆ. ಮ್ಯಾಟ್ ಕೋಟ್ ಆಗಿದ್ದರೆ ಉಜ್ಜಿದ ಕಡೆಯೆಲ್ಲ ಹೊಳಪಿನ ಕಲೆ.

ಥರ್ಮಾಕೋಲ್ ಗುಂಡು ಲಾರಿಯ ಕುಲುಕಾಟಕ್ಕೆ ನೀರಿನ ಹಾಗೆ ಜಾರುತ್ತದೆ. ಭಾರದ್ದು ಕೆಳಗಿಳಿಯುತ್ತದೆ, ಗುಂಡು ಮೇಲೇರುತ್ತದೆ. ಪುಣೆ ಮುಟ್ಟುವ ಹೊತ್ತಿಗೆ ನಿಮ್ಮ ಟ್ಯಾಂಕ್ ಡಬ್ಬದ ತಳದ ರಟ್ಟಿಗೆ ತಾಗಿ ಕೂತಿರುತ್ತದೆ. ಸ್ಟ್ಯಾಟಿಕ್‌ನಿಂದ ಗುಂಡುಗಳು ರೇಲಿಂಗ್‌ಗೆ ಅಂಟಿಕೊಳ್ಳುವುದು ಬೇರೆ. ಅವನ್ನು ಬಿಡಿಸುವಾಗ ರೇಲಿಂಗ್ ಜೊತೆಗೇ ಬರುತ್ತದೆ.

ಸ್ಟಿಕ್ಕರ್ ಅಂಟಿಸಿ, ಬೇಡ ಅನ್ನುವುದಿಲ್ಲ. ಆದರೆ ವಿಂಗಡಣೆ ಕೇಂದ್ರದ ಬೆಲ್ಟ್‌ಗೆ ಓದಲು ಬರುವುದಿಲ್ಲ. ಡಬ್ಬ ಆರೂ ಮುಖದ ಮೇಲೆ ಬೀಳುತ್ತದೆ, ಒಂದು ರಾತ್ರಿ ತಲೆಕೆಳಗಾಗಿಯೇ ಮಲಗಿರುತ್ತದೆ ಎಂದು ಲೆಕ್ಕ ಹಾಕಿಯೇ ಪ್ಯಾಕ್ ಮಾಡಬೇಕು.

ಮುಖ್ಯ ಮಾತು ಇಷ್ಟು: ಮಾಡೆಲ್‌ನ ಗಟ್ಟಿ ಭಾಗವನ್ನು ಬಿಗಿಯಾಗಿ ಹಿಡಿಯಿರಿ, ನಾಜೂಕು ಭಾಗಕ್ಕೆ ಗಾಳಿ ಬಿಟ್ಟು ಬೇರೇನೂ ತಾಗಬಾರದು.

ಒಂದು ಲೆಕ್ಕ ನೋಡಿ. ಡಬ್ಬ ಮೇಜಿನ ಎತ್ತರದಿಂದ, ಅಂದರೆ 76 ಸೆಂ.ಮೀ.ಯಿಂದ ಬಿತ್ತು. ಒಳಗಿನ ಫೋಮ್ 2.5 ಸೆಂ.ಮೀ. ಕುಗ್ಗಿ ಅದನ್ನು ತಡೆದು ನಿಲ್ಲಿಸಿತು. ಸರಾಸರಿ ಹೊಡೆತ 76 ಭಾಗಿಸು 2.5, ಸುಮಾರು 30 ಜಿ, ಅಂದರೆ ತೂಕದ 30 ಪಟ್ಟು. ಗರಿಷ್ಠ ಅದರ ಇಮ್ಮಡಿ, 60 ಜಿ. ಆ ಕ್ಷಣಕ್ಕೆ ನಿಮ್ಮ 100 ಗ್ರಾಂ ಮಾರುತ್ 6 ಕೆ.ಜಿ. ತೂಗುತ್ತದೆ. ಮೂರು ವೈಟ್ ಮೆಟಲ್ ಕಾಲುಗಳ ಮೇಲೆ 6 ಕೆ.ಜಿ. ಇಟ್ಟರೆ ಏನಾಗುತ್ತದೆ? ಕಾಲು ಚಪ್ಪಟೆ. ಹಾಗಾಗಿ ಪ್ಯಾಕಿಂಗ್‌ನಲ್ಲಿ ವಿಮಾನ ಎಂದೂ ಚಕ್ರದ ಮೇಲೆ ನಿಲ್ಲಬಾರದು.

ಸ್ಪ್ರೂಕತ್ತರಿ

ಚಕ್ರ ನೆಲಕ್ಕೆ ತಾಗದಿದ್ದರೆ ಮತ್ತೆ ಎಲ್ಲಿ ಹಿಡಿಯುವುದು ಸರ್?

ಮೂರನೇಕೋಟ್

ರೆಕ್ಕೆಯ ಬುಡದಲ್ಲಿ. ವಿಮಾನದ ಮಾಡೆಲ್‌ನಲ್ಲಿ ಅದಕ್ಕಿಂತ ಗಟ್ಟಿ ಜಾಗ ಇಲ್ಲ. ಮಾರುತ್‌ಗೆ ಹೀಗೆ ಮಾಡಿ.

5 ಮಿ.ಮೀ. ಸನ್‌ಬೋರ್ಡ್‌ನಲ್ಲಿ (ಹಗುರವಾದ ಗಟ್ಟಿ ಪ್ಲಾಸ್ಟಿಕ್ ಹಾಳೆ) 28×19 ಸೆಂ.ಮೀ. ಹಲಗೆ ಕತ್ತರಿಸಿ. ಅದರ ಮೇಲೆ ಎರಡು ತೊಟ್ಟಿಲು ನಿಲ್ಲಬೇಕು, ಒಂದು ಕಾಕ್‌ಪಿಟ್‌ನ ಹಿಂದೆ, ಇನ್ನೊಂದು ಬಾಲದ ಮುಂದೆ. ತೊಟ್ಟಿಲೆಂದರೆ 2.5 ಸೆಂ.ಮೀ. ದಪ್ಪದ ಇಪಿಇ ಫೋಮ್ ತುಂಡು. ಟಿವಿ, ಫ್ರಿಜ್ ಡಬ್ಬದಲ್ಲಿ ಬರುವ ಬಿಳಿಯ, ಬಾಗುವ ಫೋಮ್. ಪುಡಿಯಾಗುವ ಥರ್ಮಾಕೋಲ್ ಅಲ್ಲ. ಬಾಡಿಯ ಅಡ್ಡಸೀಳಿಕೆಯ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ, ಸರಿಹೋದ ಮೇಲೆ ಫೋಮ್‌ಗೆ ಇಳಿಸಿ. ಫೋಮ್‌ನ ಗುಂಡಿ ಬಾಡಿಗಿಂತ 1 ಮಿ.ಮೀ. ಅಷ್ಟೇ ದೊಡ್ಡದಿರಲಿ. ತೊಟ್ಟಿಲಿನ ಎತ್ತರ ಎಷ್ಟಿರಬೇಕೆಂದರೆ ವಿಮಾನ ಕೂತಾಗ ಚಕ್ರದ ಕೆಳಗೆ 10 ಮಿ.ಮೀ. ಗಾಳಿ ಆಡಬೇಕು.

ತಾಗುವ ಕಡೆ ಫೋಮ್ ನೇರ ಪೇಂಟ್‌ಗೆ ಬೇಡ, ನಡುವೆ ಒಂದು ಪದರ ತೆಳು ಟಿಶ್ಯೂ ಇರಲಿ. ಮೇಲಿನಿಂದ ಹಿಡಿಯಲು ಹತ್ತಿಯ ಲಾಡಿ, 12 ಮಿ.ಮೀ. ಅಗಲದ್ದು. ಹಲಗೆಯಲ್ಲಿ ಸೀಳು ಮಾಡಿ, ಲಾಡಿಯನ್ನು ರೆಕ್ಕೆಯ ಬುಡದ ಮೇಲಿಂದ ತಂದು, ಹಲಗೆಯ ಅಡಿಯಲ್ಲಿ ಗಂಟು ಹಾಕಿ. ಬಿಗಿ ಎಷ್ಟು ಅಂದರೆ ಹಲಗೆಯನ್ನು ತಲೆಕೆಳಗು ಮಾಡಿದರೆ ವಿಮಾನ ಅಲ್ಲಾಡಬಾರದು, ಆದರೆ ಲಾಡಿಯ ಕೆಳಗೆ ಒಂದು ಕಾಗದ ಎಳೆದರೆ ಬರಬೇಕು.

ರಬ್ಬರ್ ಬ್ಯಾಂಡ್ ಹಾಕಬೇಡಿ. ಬಿಸಿಲಿಗೆ ಅದು ಕರಗಿ ಪೇಂಟ್‌ಗೆ ಅಂಟುತ್ತದೆ. ಸೆಲೋ ಟೇಪ್ ಮಾತೇ ಬೇಡ, ಡಿಕಾಲ್ (ಮಾಡೆಲ್ ಮೇಲಿನ ಗುರುತುಗಳ ಅಂಟುಚಿತ್ರ) ಸಮೇತ ಎದ್ದು ಬರುತ್ತದೆ.

ಇನ್ನು ಪಿಟೋ ಕೊಳವೆ. ಅದು ಸೂಪರ್ ಗ್ಲೂನಲ್ಲಿ ಅಂಟಿದ್ದರೆ ಹೊಡೆತಕ್ಕೆ ಹಾರಿಹೋಗುತ್ತದೆ, ಏಕೆಂದರೆ ಆ ಅಂಟು ಗಾಜಿನ ಹಾಗೆ, ಬಾಗುವುದಿಲ್ಲ. ಮೆಲ್ಲಗೆ ತಿರುಗಿಸಿ ತೆಗೆದು, ಕುಡಿಯುವ ಸ್ಟ್ರಾ ಒಳಗಿಟ್ಟು, ಎರಡೂ ತುದಿಗೆ ಸ್ಪಂಜು ತುರುಕಿ, ಸ್ಟ್ರಾವನ್ನು ಹಲಗೆಗೆ ಕಟ್ಟಿ. ಅಲ್ಲಿ ಜೋಡಿಸುವವರಿಗೆ ಒಂದು ಹನಿ ಫೆವಿಕಾಲ್ ಸಾಕು. ಮುಂದೆ ಕಟ್ಟುವ ಮಾಡೆಲ್‌ಗಳಲ್ಲಿ ಆಂಟೆನಾ, ಪಿಟೋ, ಗೇರ್ ಬಾಗಿಲುಗಳನ್ನು ಮೊದಲೇ ಫೆವಿಕಾಲ್‌ನಲ್ಲಿ ಕೂರಿಸಿ. ಪೆಟ್ಟು ಬಿದ್ದರೆ ಮುರಿಯುವ ಬದಲು ಬಿಟ್ಟುಕೊಳ್ಳುತ್ತವೆ.

ಗಾಜಿನಬೀರು

ಲಾಡಿಯ ಬಗ್ಗೆ ಒಂದು ಸೇರ್ಪಡೆ. ಅಂಗಡಿಯಿಂದ ತಂದ ಹೊಸ ಲಾಡಿಯಲ್ಲಿ ಗಂಜಿ ಇರುತ್ತದೆ, ಅಂಚು ಗರಗಸದ ಹಾಗೆ ಮ್ಯಾಟ್ ಪೇಂಟ್ ಕೆರೆಯುತ್ತದೆ. ಬಿಸಿನೀರಲ್ಲಿ ಒಗೆದು ಒಣಗಿಸಿ ಬಳಸಿ. ಬಣ್ಣದ ಲಾಡಿ ಬೇಡ, ತೇವಕ್ಕೆ ಬಣ್ಣ ಬಿಡುತ್ತದೆ.

ಪೇಂಟ್ ಒಣಗಿದೆಯೋ ಇಲ್ಲವೋ ನೋಡಲು ಮೂಗೇ ಉಪಕರಣ. ಮಾಡೆಲ್ ಹತ್ತಿರ ಮೂಗು ಒಯ್ದಾಗ ಪೇಂಟ್ ವಾಸನೆ ಬಂದರೆ ಇನ್ನೂ ಗಟ್ಟಿಯಾಗಿಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ಎನಾಮಲ್‌ಗೆ ಎರಡು ಮೂರು ವಾರ ಕೊಡಿ. ಹಸಿ ಎನಾಮಲ್ ಇರುವ ಮಾಡೆಲ್ಲನ್ನು ಮುಚ್ಚಿದ ಡಬ್ಬದಲ್ಲಿ ನಾಲ್ಕು ದಿನ ಇಟ್ಟರೆ ಟಿಶ್ಯೂ ಅದಕ್ಕೆ ಅಂಟಿ ಕೂರುತ್ತದೆ.

ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತುವವರಿದ್ದಾರೆ. ಪಿವಿಸಿಯದ್ದಾದರೆ ಅದನ್ನು ಮೆತ್ತಗೆ ಮಾಡಲು ಬೆರೆಸಿದ ರಾಸಾಯನಿಕ ಪೇಂಟ್‌ಗೂ ಪ್ಲಾಸ್ಟಿಕ್‌ಗೂ ಇಳಿಯುತ್ತದೆ, ಮೇಲ್ಮೈ ಜಿಗುಟಾಗುತ್ತದೆ. ಪಾಲಿಥೀನ್, ಹತ್ತಿ, ಟಿಶ್ಯೂ, ಈ ಮೂರನ್ನು ನಂಬಬಹುದು.

ಏಳುಪ್ಲೈ

ಹಲಗೆಯ ಮೇಲೆ ಮಾಡೆಲ್ ಕಟ್ಟಿದ್ದು ಸರಿ. ಅದನ್ನು ಹಾಕುವ ಡಬ್ಬದ ವಿಷಯ ನನಗೆ ಬಿಡಿ.

ಡಬ್ಬದೊಳಗೆ ಡಬ್ಬ ಇರಬೇಕು. ಒಳಡಬ್ಬ 3 ಪ್ಲೈ (ಮೂರು ಪದರದ ರಟ್ಟು) ಸಾಕು, ಹೊರಡಬ್ಬ 5 ಪ್ಲೈ, ಹಡಗಿಗೆ 7 ಪ್ಲೈ. ಎರಡರ ನಡುವೆ ಆರೂ ಕಡೆ ಕನಿಷ್ಠ 5 ಸೆಂ.ಮೀ. ಮಾರುತ್‌ನ ಒಳಡಬ್ಬ 28.5×19.5×12, ಹೊರಡಬ್ಬ 40×31×23 ಸೆಂ.ಮೀ. ಎಂದಿಟ್ಟುಕೊಳ್ಳಿ. ಹಲಗೆ ಒಳಡಬ್ಬದ ಗೋಡೆಗೆ ಸರಿಯಾಗಿ ಕೂರಬೇಕು, ಅತ್ತಿತ್ತ ಜರುಗಬಾರದು. ಹಲಗೆಯ ನಾಲ್ಕು ಮೂಲೆಗೆ ಫೋಮ್ ಕಂಬ ನಿಲ್ಲಿಸಿ, ಅವು ಮುಚ್ಚಳಕ್ಕೆ ತಾಗಲಿ. ಇಲ್ಲದಿದ್ದರೆ ಡಬ್ಬ ಮಗುಚಿದಾಗ ಇಡೀ ಹಲಗೆಯೇ ಮೇಲಕ್ಕೆ ಹಾರುತ್ತದೆ.

ಬಹಳ ಜನ ಎಡವುವುದು ಇನ್ನು ಮುಂದೆ. ‘ಎಷ್ಟು ಫೋಮ್ ತುರುಕಿದರೆ ಅಷ್ಟು ಭದ್ರ’ ಅಂದುಕೊಂಡು ಐದು ಸೆಂ.ಮೀ. ಜಾಗಕ್ಕೆ ಗಟ್ಟಿ ಇಪಿಇ ಹಾಳೆಯನ್ನು ಆರೂ ಮುಖಕ್ಕೆ ಪೂರ್ತಿ ಹೊದಿಸುತ್ತಾರೆ. 600 ಗ್ರಾಂ ಒಳಡಬ್ಬಕ್ಕೆ ಅದು ಕಲ್ಲಿನ ಹಾಸಿಗೆ. ಫೋಮ್ ಕುಗ್ಗಿದರೆ ತಾನೇ ಹೊಡೆತ ತಿನ್ನುವುದು? ಹಗುರ ಡಬ್ಬಕ್ಕೆ ಗಟ್ಟಿ ಫೋಮನ್ನು ಕುಗ್ಗಿಸುವಷ್ಟು ಭಾರವೇ ಇಲ್ಲ. ಹೊಡೆತವೆಲ್ಲ ಸೀದಾ ಒಳಗೆ ದಾಟುತ್ತದೆ. ಪ್ಯಾಕಿಂಗ್ ನೋಡಲು ಅದ್ಭುತ, ಹೊರಗೆ ಒಂದು ಗೀರಿಲ್ಲ, ಒಳಗೆ ಕಾಲು ಮುರಿದ ವಿಮಾನ.

ಗಟ್ಟಿ ಇಪಿಇ ಕೆಲಸ ಮಾಡಬೇಕಾದರೆ ಅದರ ಪ್ರತಿ ಚದರ ಸೆಂ.ಮೀ. ಮೇಲೆ 30ರಿಂದ 60 ಗ್ರಾಂ ಭಾರ ಬೇಕು. 600 ಗ್ರಾಂ ಡಬ್ಬಕ್ಕೆ ಅಂದರೆ ಒಟ್ಟು 10ರಿಂದ 20 ಚದರ ಸೆಂ.ಮೀ. ಫೋಮ್. ನಾಲ್ಕು ಮೂಲೆಗೆ ಹಂಚಿದರೆ ಬೆರಳ ಗಾತ್ರದ ತುಂಡು. ಆದರೆ 5 ಸೆಂ.ಮೀ. ಎತ್ತರದ ಬೆರಳ ಗಾತ್ರದ ತುಂಡು ಕುಗ್ಗುವುದಿಲ್ಲ, ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ತುಂಡಿನ ಅಗಲ ಎತ್ತರಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿರಬೇಕು, 5 ಸೆಂ.ಮೀ. ಎತ್ತರಕ್ಕೆ 6.7 ಸೆಂ.ಮೀ. ಅಗಲ.

ಹಾಗಾಗಿ 1 ಕೆ.ಜಿ.ಗಿಂತ ಹಗುರ ಒಳಡಬ್ಬಕ್ಕೆ ಇಪಿಇ ಬಿಟ್ಟು, ಸೋಫಾಕ್ಕೆ ಹಾಕುವ ಮೆತ್ತನೆಯ ಸ್ಪಂಜು ಬಳಸಿ. 7×7×5 ಸೆಂ.ಮೀ. ತುಂಡು, ಎಂಟು ಮೂಲೆಗೂ ಮೂರು ಮುಖ ಹಿಡಿಯುವ ಹಾಗೆ. ಒಟ್ಟು 24 ತುಂಡು. ಮುಖಗಳ ನಡುಭಾಗ ಖಾಲಿ ಇರಲಿ, ಅಲ್ಲಿ ಏನೂ ತುಂಬಬೇಡಿ. ಟ್ಯಾಂಕಿನ ಡಬ್ಬಕ್ಕೂ ಸ್ಪಂಜೇ, ತುಸು ಗಟ್ಟಿಯದು. ಹಡಗಿನ ಪೆಟ್ಟಿಗೆಗೆ ಇಪಿಇ ಸರಿ.

ಚೈನ್‌ಗಾಡಿ

ಮಣ್ಣಿನ ಗೊಂಬೆಗೆ ಭತ್ತದ ಹುಲ್ಲು ತುಂಬಿ ಬುಟ್ಟಿಯಲ್ಲಿ ಕಳಿಸುತ್ತಿದ್ದವರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅದೇ ಕೆಲಸ. ಹುಲ್ಲು ಕುಗ್ಗಿ ಕುಗ್ಗಿ ಎದ್ದೇಳುತ್ತದೆ. ಮಾಡೆಲ್‌ಗೆ ಮಾತ್ರ ಹುಲ್ಲು ಬೇಡ, ದೂಳೂ ತೇವವೂ ಜೊತೆಗೆ ಬರುತ್ತವೆ.

ಟ್ಯಾಂಕಿಗೆ ಬರೋಣ. ಸ್ಪ್ರೂಕತ್ತರಿ ಅವರೇ, ಟರೆಟ್ (ಗನ್ ಇರುವ, ತಿರುಗುವ ಮೇಲ್ಭಾಗ) ತೆಗೆಯಲು ಬರುತ್ತಾ, ಅಂಟಿಸಿಬಿಟ್ಟಿದ್ದೀರಾ?

ಸ್ಪ್ರೂಕತ್ತರಿ

ಬರುತ್ತದೆ. ತಿರುಗಿಸಿ ಎತ್ತಿದರೆ ಕೈಗೆ ಬರುತ್ತದೆ.

ಚೈನ್‌ಗಾಡಿ

ಒಳ್ಳೆಯದು. ಟರೆಟ್ ಬೇರೆ, ಹಲ್ ಬೇರೆ ಪ್ಯಾಕ್ ಮಾಡಿ. ಜೋಡಿಸಿಯೇ ಕಳಿಸಿದರೆ ಅಲ್ಯೂಮಿನಿಯಂ ಬ್ಯಾರೆಲ್‌ನ ಭಾರಕ್ಕೆ ಟರೆಟ್ ಗಡಿಯಾರದ ಮುಳ್ಳಿನ ಹಾಗೆ ತಿರುಗಿ, ಎಂಜಿನ್ ಡೆಕ್ ಮೇಲಿರುವುದನ್ನೆಲ್ಲ ಗುಡಿಸಿಹಾಕುತ್ತದೆ. ಬ್ಯಾರೆಲ್ಲಿಗೆ ಎರಡು ಕಡೆ ಆಸರೆ ಕೊಡಿ, ಒಂದು ಬುಡದಲ್ಲಿ, ಇನ್ನೊಂದು ತುದಿಗಿಂತ 2 ಸೆಂ.ಮೀ. ಒಳಗೆ. ತುದಿಯನ್ನೇ ಹಿಡಿದರೆ ಬ್ಯಾರೆಲ್ ಸನ್ನೆಗೋಲಿನಂತೆ ಟರೆಟ್‌ನ ಮುಖವನ್ನು ಕೀಳುತ್ತದೆ.

ಹಲ್ ಹಿಡಿಯುವುದು ತಳದಿಂದ. ಬಿಡಿ ಕೊಂಡಿಯ ಚೈನ್ ಮೇಲೆ ಯಾವ ಭಾರವೂ ಬೀಳಬಾರದು. ಚಕ್ರಗಳ ನಡುವೆ, ಹಲ್‌ನ ಹೊಟ್ಟೆಯ ಕೆಳಗೆ ಸರಿಯಾಗಿ ಹೋಗುವ ಪ್ಲೈವುಡ್ ತುಂಡು ಕತ್ತರಿಸಿ, ಚೈನ್ ಹಲಗೆಯಿಂದ 3 ಮಿ.ಮೀ. ಮೇಲೆ ಇರುವಷ್ಟು ಎತ್ತರ ಮಾಡಿ. ತಳದಲ್ಲಿ ಎರಡು 3 ಮಿ.ಮೀ. ಬೋಲ್ಟ್ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದು ಇಲ್ಲ. ರೆಸಿನ್‌ಗೆ ಸ್ಕ್ರೂ ತಿರುಗಿಸುವ ಮೊದಲು ಸರಿಯಾದ ಅಳತೆಯ ರಂಧ್ರ ಕೊರೆಯಿರಿ, ಇಲ್ಲದಿದ್ದರೆ ಸೀಳುತ್ತದೆ. ಬೋಲ್ಟ್‌ಗೆ ನೈಲಾನ್ ನಟ್ ಹಾಕಿ. ಸಾದಾ ನಟ್ ಲಾರಿಯ ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಅದೇ ಡಬ್ಬದೊಳಗೆ ಗುಂಡಿನ ಹಾಗೆ ಓಡಾಡುತ್ತದೆ.

ಮತ್ತೆ, ಟ್ಯಾಂಕನ್ನೂ ವಿಮಾನವನ್ನೂ ಒಂದೇ ಒಳಡಬ್ಬದಲ್ಲಿ ಯಾವ ಕಾರಣಕ್ಕೂ ಇಡಬೇಡಿ.

ಹಾಯಿಹಗ್ಗ

ಹಡಗು. ಇದು ಮೂರರಲ್ಲಿ ಕಷ್ಟದ್ದು. ಡೆಕ್ ಅಂಟಿಸುವ ಮೊದಲು ಹಲ್ ಒಳಗೆ ಎರಡು ನಟ್ ಕೂರಿಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಈಗಲೂ ಮಾಡಬಹುದು, ತಾಳ್ಮೆ ಬೇಕು.

ವಿಮಾನವಾಹಕ ನೌಕೆಗೆ ಮೇಲಿನಿಂದ ಲಾಡಿ ಕಟ್ಟಲು ಬರುವುದಿಲ್ಲ. ಡೆಕ್ಕಿನ ಅಂಚಿನುದ್ದಕ್ಕೂ ಗನ್ ಕಟ್ಟೆ, ಬಲೆ, ದೋಣಿ ನೇತಾಡುತ್ತಿವೆ. ಲಾಡಿ ಎಳೆದರೆ ಎಲ್ಲ ಹೋಯಿತು. ಕೆಳಗಿನಿಂದಲೇ ಹಿಡಿಯಬೇಕು.

ಹಲ್‌ನ ತಳದಲ್ಲಿ, ನಡುಗೆರೆಯ ಮೇಲೆ, ಮೂತಿಯಿಂದ 15 ಸೆಂ.ಮೀ. ಮತ್ತು ಹಿಂಬದಿಯಿಂದ 15 ಸೆಂ.ಮೀ. ದೂರದಲ್ಲಿ 20 ಮಿ.ಮೀ. ರಂಧ್ರ ಎರಡು. ಹ್ಯಾಂಡ್ ಡ್ರಿಲ್ ಮಾತ್ರ, ಕರೆಂಟಿನ ಡ್ರಿಲ್ ನಡುಕಕ್ಕೆ ಮಾಸ್ಟ್ ಉದುರುತ್ತದೆ. ಸಣ್ಣದರಿಂದ ಶುರುಮಾಡಿ ಅರದಿಂದ ಅಗಲ ಮಾಡಿ. 6 ಮಿ.ಮೀ. ಪ್ಲೈವುಡ್‌ನಲ್ಲಿ 15×60 ಮಿ.ಮೀ. ಪಟ್ಟಿ ಕತ್ತರಿಸಿ, ನಡುವೆ 4 ಮಿ.ಮೀ. ನಟ್ಟನ್ನು ಆರಾಲ್ಡೈಟ್‌ನಿಂದ ಕೂರಿಸಿ ಒಂದು ದಿನ ಬಿಡಿ. ಆಮೇಲೆ ನಟ್‌ಗೆ ಉದ್ದ ಬೋಲ್ಟ್ ಹಿಡಿಕೆಯಂತೆ ತಿರುಗಿಸಿ, ಪಟ್ಟಿಯನ್ನು ಓರೆಯಾಗಿ ರಂಧ್ರದೊಳಗೆ ತೂರಿಸಿ, ಹಲ್ ಉದ್ದಕ್ಕೆ ಸರಿಯಾಗಿ ತಿರುಗಿಸಿ, ಒಳಮೈಗೆ ಆರಾಲ್ಡೈಟ್ ಹಚ್ಚಿ ಬೋಲ್ಟ್ ಹಿಡಿದು ಕೆಳಕ್ಕೆ ಎಳೆದು ಕಟ್ಟಿ. ಇಪ್ಪತ್ನಾಲ್ಕು ಗಂಟೆ ಮುಟ್ಟಬೇಡಿ. ಬೋಲ್ಟ್‌ನ ಸುರುಳಿ ಗೆರೆಗೆ ಮೊದಲೇ ಮೇಣ ಸವರಿರಿ, ಇಲ್ಲದಿದ್ದರೆ ಅದೂ ಒಳಗೇ ಅಂಟಿ ಕೂರುತ್ತದೆ.

ಬೇಸ್ ಹಲಗೆ 12 ಮಿ.ಮೀ. ಪ್ಲೈವುಡ್, 70×18 ಸೆಂ.ಮೀ. ಇದಕ್ಕಿಂತ ತೆಳುವಾದರೆ ಹಲಗೆ ಬಾಗುತ್ತದೆ. ಹಲಗೆ ಬಾಗಿದರೆ ಹಡಗೂ ಬಾಗಿ ಡೆಕ್ಕಿನ ಜೋಡಣೆ ಬಿಡುತ್ತದೆ. ಹಲಗೆಗೂ ಹಲ್‌ಗೂ ನಡುವೆ 5 ಮಿ.ಮೀ. ಇಪಿಇ ಇಟ್ಟು ಬೋಲ್ಟ್ ಬಿಗಿಯಿರಿ.

ಒಂಬತ್ತು ವಿಮಾನಗಳನ್ನು ತೆಗೆದುಬಿಡಿ. ಔಷಧಿ ಮಾತ್ರೆ ಹಾಕಿಡುವ, ಮನೆ ಮನೆ ಇರುವ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದಲ್ಲ, ಒಂದೊಂದು ಮನೆಗೆ ಒಂದೊಂದು. ರೇಡಾರ್ ತೆಗೆಯಲು ಬಂದರೆ ಅದನ್ನೂ. ರೇಲಿಂಗ್ ಇದ್ದಲ್ಲೇ ಇರಲಿ. ಅದಕ್ಕೆ ರಕ್ಷಣೆ ಎಂದು ಹತ್ತಿ ತುರುಕಬೇಡಿ, ಎಳೆಗಳು ಹಿತ್ತಾಳೆಗೆ ಸಿಕ್ಕಿಕೊಂಡರೆ ದೇವರೇ ಬಿಡಿಸಬೇಕು.

ಹಾಯಿಹಡಗು ಕಳಿಸುವವರು ಓದುತ್ತಿದ್ದರೆ: ಹತ್ತಿ ದಾರದ ಹಗ್ಗ ತೇವಕ್ಕೆ ಬಿಗಿಯುತ್ತದೆ, ಒಣಗಿದಾಗ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಎಳೆತಕ್ಕೆ ಹಾಯಿಕಂಬವೇ ಬಾಗಬಹುದು. ಪಾಲಿಯೆಸ್ಟರ್ ಅಥವಾ ಹಿಗ್ಗುವ ದಾರವಾದರೆ ಈ ತಕರಾರು ಕಮ್ಮಿ.

ಮೂರನೇಕೋಟ್

ಹಲ್‌ಗೆ 20 ಮಿ.ಮೀ. ರಂಧ್ರ ಅಂದರೆ ನನಗೆ ಒಪ್ಪಿಗೆ ಇಲ್ಲ. ಮುಗಿದ ಮಾಡೆಲ್‌ನ ತಳ ಕೊರೆಯುವುದಕ್ಕಿಂತ, ಹಲ್‌ನ ಆಕಾರಕ್ಕೆ ಸರಿಯಾಗಿ ಮೂರು ತೊಟ್ಟಿಲು ಕತ್ತರಿಸಿ, ಹಲ್‌ನ ಪಕ್ಕಗಳನ್ನು ನೀರಿನ ಗೆರೆಯವರೆಗೆ ಹಿಡಿದರೆ ಆಗದೇ?

ಹಾಯಿಹಗ್ಗ

ಡಬ್ಬ ನೆಟ್ಟಗಿರುವವರೆಗೆ ಆಗುತ್ತದೆ. ಮಗುಚಿದಾಗ ಏನು ಹಿಡಿಯುತ್ತದೆ? ಮೇಲಿನಿಂದ ಹಿಡಿಯಲು ಜಾಗವಿಲ್ಲ ಎಂದೇ ಈ ಪಾಡು. ಆರೂ ಮುಖದ ಮೇಲೆ ಬೀಳುತ್ತದೆ ಎಂದು ಮೇಲೆ ನೀವೇ ಬರೆದಿದ್ದೀರಿ.

ಮೂರನೇಕೋಟ್

ಡೆಕ್ಕಿನ ನಡುವೆ, ವಿಮಾನ ತೆಗೆದ ಮೇಲೆ, ಖಾಲಿ ಜಾಗ ಧಾರಾಳವಾಗಿದೆ. ಮುಚ್ಚಳದಿಂದ ಎರಡು ಸ್ಪಂಜಿನ ಕಂಬ ಇಳಿಸಿ ಅಲ್ಲಿ ಒತ್ತಿದರೆ ಸಾಕು. ಡೆಕ್ ಗೆರೆಗಳ ಮೇಲೆ ಟಿಶ್ಯೂ ಹಾಸಿ.

ಹಾಯಿಹಗ್ಗ

60 ಜಿ ಹೊಡೆತದಲ್ಲಿ ಆ ಕಂಬ ಡೆಕ್ಕನ್ನೇ ಒಳಕ್ಕೆ ತಳ್ಳುತ್ತದೆ. ಒಳಗಿನಿಂದ ಆಸರೆ ಇರುವ ಡೆಕ್ ಆದರೆ ಸರಿ. ಸ್ಪ್ರೂಕತ್ತರಿ ಅವರೇ ಡೆಕ್ ಮೇಲೆ ಹೆಬ್ಬೆರಳು ಒತ್ತಿ ನೋಡಲಿ, ಬಗ್ಗಿದರೆ ಬೋಲ್ಟ್, ಬಗ್ಗದಿದ್ದರೆ ಕಂಬ.

ಗಾಜಿನಬೀರು

ಅಕ್ರಿಲಿಕ್ ಕೇಸ್ ಇದ್ದರೆ ಅದರೊಳಗೆ ಮಾಡೆಲ್ ಇಟ್ಟು ಕಳಿಸಬೇಡಿ. ಕೇಸ್ ಬಿರುಕು ಬಿಟ್ಟರೆ ಚೂರು ನೇರ ಮಾಡೆಲ್ ಮೇಲೆ. ಕೇಸ್ ಬೇರೆ ಡಬ್ಬ.

ಸ್ಪ್ರೂಕತ್ತರಿ

ಡೆಕ್ ಬಗ್ಗುತ್ತದೆ. ಬೋಲ್ಟೇ ಗತಿ. ಖರ್ಚಿನ ಅಂದಾಜು ಹೇಗೆ? ತೂಕವೇನೂ ಹೆಚ್ಚಿಲ್ಲ.

ಏಳುಪ್ಲೈ

ತೂಕದ ಮೇಲೆ ಅಲ್ಲ, ಗಾತ್ರದ ಮೇಲೆ ದುಡ್ಡು. ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗೆ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ಯಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಮಾರುತ್ ಡಬ್ಬ 40×31×23 ಅಂದರೆ 28,520, ಭಾಗಿಸಿದರೆ 5.7 ಕೆ.ಜಿ. ನಿಜ ತೂಕ 1 ಕೆ.ಜಿ. ಸುತ್ತಮುತ್ತ. ಹಡಗಿನ ಹೊರಪೆಟ್ಟಿಗೆ 85×33×35 ಆದರೆ 19.6 ಕೆ.ಜಿ. ಲೆಕ್ಕ. ರಸ್ತೆಯಲ್ಲಿ ಹೋಗುವುದಕ್ಕೆ ಭಾಜಕ ಬೇರೆ ಇರುತ್ತದೆ, ಡಬ್ಬ ಮಾಡಿಸುವ ಮೊದಲೇ ಕೇಳಿ. ಎರಡು ಸೆಂ.ಮೀ. ಕಮ್ಮಿ ಮಾಡಿ ನೂರು ರೂಪಾಯಿ ಉಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಫೋಮ್ ಜಾಗದಲ್ಲಿ ಮಾತ್ರ ಉಳಿಸಬೇಡಿ.

ಮೂರನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಒಳಡಬ್ಬವಾಗಿ ಕಳಿಸುವುದು ನನ್ನ ಮಟ್ಟಿಗೆ ಉತ್ತಮ. ಕಾರಣ ಇದೆ. ಐಎಸ್‌ಟಿಎ 1ಎ ಎಂಬ ಪರೀಕ್ಷಾ ಕ್ರಮದಲ್ಲಿ 10 ಕೆ.ಜಿ. ಒಳಗಿನ ಡಬ್ಬವನ್ನು 76 ಸೆಂ.ಮೀ.ಯಿಂದ ಬೀಳಿಸುತ್ತಾರೆ, ಅದರ ಮೇಲೆ 19 ಕೆ.ಜಿ.ವರೆಗೆ 61 ಸೆಂ.ಮೀ., 28 ಕೆ.ಜಿ.ವರೆಗೆ 46. ಹಗುರ ಡಬ್ಬವನ್ನು ಜನ ಎಸೆಯುತ್ತಾರೆ, ಭಾರದ್ದನ್ನು ಇಳಿಸುತ್ತಾರೆ. ಆ ಅಂಕಿಗಳ ಹಿಂದಿರುವುದು ಈ ಮನುಷ್ಯ ಸ್ವಭಾವವೇ.

ಚೈನ್‌ಗಾಡಿ

ಒಂದು ಲಾರಿ ಡಬ್ಬದ ಮೇಲೆ ಹಿಂದಕ್ಕೆ ಬಂದರೆ ಮೂರೂ ಒಟ್ಟಿಗೆ ಹೋಗುತ್ತವಲ್ಲ ಗುರುವೇ. ಮೂರು ಡಬ್ಬ, ಮೂರು ದಿನ ಬಿಟ್ಟು ಬಿಟ್ಟು ಕಳಿಸುವುದು ಲೇಸು. ಮೊದಲನೆಯದು ಟ್ಯಾಂಕ್ ಹೋಗಲಿ. ಅದು ಹೇಗೆ ಮುಟ್ಟಿತು ಎಂದು ಫೋಟೋ ತರಿಸಿಕೊಂಡು, ತಪ್ಪಿದ್ದರೆ ಉಳಿದವಕ್ಕೆ ತಿದ್ದಿಕೊಳ್ಳಬಹುದು.

ಏಳುಪ್ಲೈ

ಅದೂ ಸರಿಯೇ. ಒಪ್ಪುವುದಿಲ್ಲ, ಆದರೆ ಸರಿಯೇ.

ಯಾವ ದಾರಿ ಹಿಡಿದರೂ ಕಳಿಸುವ ಮುನ್ನ ಬೀಳಿಸಿ ನೋಡಿ. ಮಾಡೆಲ್ ಹಾಕಿ ಅಲ್ಲ! ಅದೇ ತೂಕದ ಮರದ ತುಂಡಿಗೆ ಒಣ ಶಾವಿಗೆಯ ಕಡ್ಡಿ ಐದಾರು ಫೆವಿಕಾಲ್‌ನಲ್ಲಿ ನೆಟ್ಟು, ತೊಟ್ಟಿಲಲ್ಲಿ ಕಟ್ಟಿ, ಡಬ್ಬ ಮುಚ್ಚಿ. ಊಟದ ಮೇಜಿನ ಎತ್ತರದಿಂದ ಹತ್ತು ಸಲ: ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆರು ಮುಖ. ತೆರೆದಾಗ ಶಾವಿಗೆ ಎಲ್ಲ ಮುರಿದಿದ್ದರೆ ಸ್ಪಂಜು ಗಟ್ಟಿಯಾಯಿತು, ಅಥವಾ ಪೂರ್ತಿ ಕುಗ್ಗಿ ತಳಕ್ಕೆ ಬಡಿಯಿತು. ಯಾವುದು ಎಂದು ತಿಳಿಯಲು ಸ್ಪಂಜಿನ ಮೇಲೆ ಚಾಕ್‌ಪುಡಿ ಉಜ್ಜಿ ಒಳಡಬ್ಬದ ಗುರುತು ನೋಡಿ. ಹೊರಡಬ್ಬದ ಗೋಡೆಗೇ ಗುರುತು ಬಿದ್ದಿದ್ದರೆ ಮೆತ್ತಗಾಯಿತು ಎಂದರ್ಥ.

ಟೇಪ್ 48 ಮಿ.ಮೀ.ಯದ್ದು, ನಡುಸೀಳಿಗೆ ಒಂದು, ಎರಡೂ ಪಕ್ಕದ ಅಂಚಿಗೆ ಒಂದೊಂದು, ಮೇಲೂ ಕೆಳಗೂ. ನಡುವಿನದೊಂದೇ ಹಾಕಿದರೆ ಮೂಲೆಯ ಹೊಡೆತಕ್ಕೆ ಬಾಯಿ ಬಿಡುತ್ತದೆ.

ಗಾಜಿನಬೀರು

ಹವೆಯ ಮಾತು ಯಾರೂ ಎತ್ತಲಿಲ್ಲ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ವ್ಯಾನ್ ಒಳಗೆ 60 ಡಿಗ್ರಿ ದಾಟಬಹುದು. ಕಿಟ್‌ಗಳ ಪಾಲಿಸ್ಟೈರೀನ್ ತಡೆಯುತ್ತದೆ, ರೆಸಿನ್‌ನ ತೆಳು ಕಾಲುಗಳು ಮೆತ್ತಗಾಗಿ ಬಾಗುತ್ತವೆ, ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದ್ದು 60ಕ್ಕೇ ಸೋಲುತ್ತದೆ. ಹಾಟ್ ಗ್ಲೂನಲ್ಲಿ ತೊಟ್ಟಿಲು ಅಂಟಿಸಿದ್ದರೆ ಅದೂ ಬಿಡುತ್ತದೆ. ತೊಟ್ಟಿಲಿಗೆ ಫೆವಿಕಾಲ್ ಅಥವಾ ಫೋಮ್ ಅಂಟು ಬಳಸಿ.

ಮಳೆಗಾಲದಲ್ಲಿ ರಟ್ಟೇ ಶತ್ರು. ಗಾಳಿಯ ತೇವ 90 ಶೇಕಡಾ ಮುಟ್ಟಿದರೆ ರಟ್ಟಿನ ಡಬ್ಬ ಭಾರ ಹೊರುವ ಶಕ್ತಿಯಲ್ಲಿ ಅರ್ಧದಷ್ಟು ಕಳೆದುಕೊಳ್ಳುತ್ತದೆ, ಮೇಲಿಟ್ಟ ಡಬ್ಬಗಳ ಭಾರಕ್ಕೆ ಕುಸಿಯುತ್ತದೆ. ಹೊರಡಬ್ಬಕ್ಕೆ ಪಾಲಿಥೀನ್ ಸುತ್ತಿ. ಒಳಡಬ್ಬದಲ್ಲಿ ಸಿಲಿಕಾ ಜೆಲ್ ಹಾಕುವುದಾದರೆ ಪೊಟ್ಟಣವನ್ನು ಹಲಗೆಗೆ ಕಟ್ಟಿ, ಬಿಡಿಯಾಗಿ ಬಿಟ್ಟರೆ ಅದೇ ಕವಣೆಕಲ್ಲು. ವಿಮಾನದಲ್ಲಿ ಹೋಗುವುದಾದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸೂಜಿಯಲ್ಲಿ ಒಂದು ತೂತು ಮಾಡಿ, ಮೇಲೆ ಗಾಳಿಯ ಒತ್ತಡ ಇಳಿದಾಗ ಮುಚ್ಚಳ ಉಬ್ಬಿ ಹಾರದಿರಲಿ.

ರಿಪೇರಿಗೆ ಬೇಕಾಗುತ್ತದೆಂದು ಸೂಪರ್ ಗ್ಲೂ, ಎನಾಮಲ್ ಪೇಂಟ್, ಥಿನ್ನರ್ ಬಾಟಲಿ ಇಡಬೇಡಿ. ವಿಮಾನದ ಪಾರ್ಸೆಲ್‌ನಲ್ಲಿ ಅವುಗಳಿಗೆ ತಡೆ ಇದೆ, ಡಬ್ಬವೇ ನಿಂತುಬಿಡುತ್ತದೆ. ಪೇಂಟ್ ನಂಬರ್ ಚೀಟಿಯಲ್ಲಿ ಬರೆದಿಡಿ. ಹೊರದೇಶಕ್ಕೆ ಕಳಿಸುವವರು ಇದನ್ನೂ ನೋಡಿಕೊಳ್ಳಿ: ಹಸಿ ಮರದ ಪೆಟ್ಟಿಗೆಗೆ ಐಎಸ್‌ಪಿಎಂ 15ರ (ಮರದ ಹುಳು ಹರಡದಂತೆ ಇರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ಬೇಕು, ಅಂದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಪ್ಲೈವುಡ್‌ಗೆ ವಿನಾಯಿತಿ ಇದೆ. ಕಸ್ಟಮ್ಸ್ ಚೀಟಿಯಲ್ಲಿ ಸ್ಕೇಲ್ ಮಾಡೆಲ್ ಬರುವುದು ಸುಂಕಪಟ್ಟಿಯ 9503ನೇ ಶೀರ್ಷಿಕೆಯಲ್ಲಿ. ಬರೀ ‘ಟ್ಯಾಂಕ್’, ‘ಗನ್’ ಎಂದು ಬರೆದು ಇಲ್ಲದ ತಲೆನೋವು ತಂದುಕೊಳ್ಳಬೇಡಿ, ‘ಪ್ಲಾಸ್ಟಿಕ್ ಸ್ಕೇಲ್ ಮಾಡೆಲ್, ಪ್ರದರ್ಶನಕ್ಕೆ’ ಎಂದು ಬರೆಯಿರಿ.

ಹಾಯಿಹಗ್ಗ

ಬಿಚ್ಚುವವರ ಬಗ್ಗೆ ಹೇಳಲೇಬೇಕು. ದಾರಿಯಲ್ಲಿ ಉಳಿದದ್ದು ಬಿಚ್ಚುವಾಗ ಮುರಿಯುವುದೇ ಹೆಚ್ಚು. ಆಳದ ಡಬ್ಬದಿಂದ ಹಡಗನ್ನು ಮೇಲಕ್ಕೆ ಎತ್ತಬೇಕಾದರೆ ಕೈ ಹೋಗಿ ಹಿಡಿಯುವುದು ಮಾಸ್ಟನ್ನೇ. ಅದಕ್ಕೆ ಹಡಗಿನ ಒಳಪೆಟ್ಟಿಗೆಯನ್ನು ಮೇಲಿನಿಂದ ತೆರೆಯುವಂತೆ ಮಾಡದೆ, ಕಿರಿಯ ಬದಿಯಿಂದ ತೆರೆಯುವಂತೆ ಮಾಡಿ. 6 ಮಿ.ಮೀ. ಪ್ಲೈವುಡ್ ಪೆಟ್ಟಿಗೆ, 72×20×22. ಒಳಗೆ ಎರಡೂ ಪಕ್ಕದಲ್ಲಿ ಮರದ ರೀಪು ಹೊಡೆದು, ಬೇಸ್ ಹಲಗೆ ಡ್ರಾಯರಿನ ಹಾಗೆ ಜಾರಿ ಒಳಹೋಗಲಿ. ಹಲಗೆಯ ಮುಂದಿನ ಅಂಚಿಗೆ ಲಾಡಿಯ ಹಿಡಿಕೆ. ಮುಂಬದಿಯ ಮುಚ್ಚಳಕ್ಕೆ ನಾಲ್ಕು ಸ್ಕ್ರೂ, ಮೊಳೆ ಬೇಡ. ಮೊಳೆ ಕೀಳಲು ಸುತ್ತಿಗೆ ಹಿಡಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಸ್ಪ್ರೂಕತ್ತರಿ

ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇನೆ: ಟ್ಯಾಂಕ್ ಮೊದಲು, ಬೇರೆ ಡಬ್ಬ. ಅದರ ಫೋಟೋ ಬಂದ ಮೇಲೆ ಮಾರುತ್. ಹಡಗಿಗೆ ಬೋಲ್ಟ್, ಡ್ರಾಯರ್ ಪೆಟ್ಟಿಗೆ, ಹೊರಗೆ 7 ಪ್ಲೈ. ಒಳಪೆಟ್ಟಿಗೆಯ ಮೇಲೆ ಬಿಚ್ಚುವ ಕ್ರಮ ಬರೆದು ಅಂಟಿಸುತ್ತೇನೆ. ಬರೆದದ್ದು ಸರಿಯಾ ನೋಡಿ: ‘1. ಮುಂಬದಿಯ ನಾಲ್ಕು ಸ್ಕ್ರೂ ತೆಗೆಯಿರಿ. 2. ಲಾಡಿ ಹಿಡಿದು ಹಲಗೆ ಎಳೆಯಿರಿ. 3. ಹಡಗನ್ನು ಎತ್ತಬೇಡಿ, ಹಲಗೆಯನ್ನು ಹಿಡಿಯಿರಿ. 4. ವಿಮಾನಗಳು ಬಿಳಿ ಡಬ್ಬಿಯಲ್ಲಿ.’

ಹಾಯಿಹಗ್ಗ

ಎರಡನೆಯದರಲ್ಲಿ ‘ಪೆಟ್ಟಿಗೆಯನ್ನು ಮೇಜಿನ ಮೇಲೆ ಮಲಗಿಸಿ, ಮುಂದೆ 70 ಸೆಂ.ಮೀ. ಜಾಗ ಬಿಡಿ’ ಎಂದು ಸೇರಿಸಿ. ಮೇಜಿನ ತುದಿಯಲ್ಲಿಟ್ಟು ಎಳೆದರೆ ಹಲಗೆ ಅರ್ಧ ಬಂದು ಮುಗ್ಗರಿಸುತ್ತದೆ. ನಾಲ್ಕನೆಯದರಲ್ಲಿ ಡಬ್ಬಿ ಎಲ್ಲಿ ಕಟ್ಟಿದೆ ಎಂದು ಬರೆಯಿರಿ, ಇಲ್ಲದಿದ್ದರೆ ಸ್ಪಂಜಿನ ಜೊತೆ ಕಸಕ್ಕೆ ಹೋಗುತ್ತದೆ.

ಗಾಜಿನಬೀರು

ಪುಣೆಯಲ್ಲಿ ಬಿಚ್ಚುವವರಿಗೆ ಕನ್ನಡ ಓದಲು ಬರುತ್ತಾ ಕೇಳಿಕೊಳ್ಳಿ. ಬಾರದಿದ್ದರೆ ಮರಾಠಿಯಲ್ಲಿ ಬರೆಸಿ, ಪಕ್ಕದಲ್ಲಿ ಚಿತ್ರ ಬರೆಯಿರಿ. ಸ್ಕ್ರೂ ತೆಗೆಯುವ ಸ್ಕ್ರೂಡ್ರೈವರನ್ನು ಹೊರಡಬ್ಬ ಬಿಚ್ಚಿದ ತಕ್ಷಣ ಕಾಣುವ ಹಾಗೆ ಒಳಪೆಟ್ಟಿಗೆಯ ಹೊರಮೈಗೆ ಟೇಪ್ ಹಾಕಿ, ಒಳಗಿಡಬೇಡಿ.